ಪಾಸ್ ಮತ್ತು ಪಾಸ್ರಿ

೯ ಜನವರಿ ೧೯೩೮, ರವಿವಾರ

ಪಾತ್ರೆ ತೊಳೆದಿಟ್ಟೆ. ಸೀರೆ ಬದಲಿಸಿದೆ. ಮೂರು ಗಂಟೆಗೆ ಹೊಳೆಯ ಮೇಲಿನ ಲಕಡಿ ಪೂಲ ದಾಟಿ ಶಿವರುದ್ರಪ್ಪನವರ ಮನೆಗೆ. ಇವರು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ವಾರದಲ್ಲಿ ನಾವಿರುವ ವಾಡೆಯ ಬಾಗಿಲು ದಾಟುವುದು ಇದೊಂದೇ ದಿನ.

ಶಿವರುದ್ರಪ್ಪನವರು ಇವರ ಕಚೇರಿಯ ಹೆಡ್‌ಕ್ಲಾರ್ಕು. ಅವರ ಅಕ್ಕ ಬಸವಣ್ಣೆವ್ವ. ಅಕ್ಕನವರ ಗಂಡ ಲೋಣಾವಳದಲ್ಲಿ ರೈಲ್ವೆಯಲ್ಲಿದ್ದರಂತೆ, ಬ್ರಿಜ್ ಇಸ್ಪೀಟಾಟ ಕಲಿಸಿದ್ದು ಅವರೇ. ಅವರು ತೀರಿಕೊಂಡ ಮೇಲೂ ಅಕ್ಕನವರು ಎಲೆ ಬಿಟ್ಟಿಲ್ಲ. ನಾಲ್ಕನೆಯವರು ಯಾರೂ ಸಿಗದೆ ದಸರೆಯಿಂದ ನನ್ನನ್ನು ಕೂರಿಸಿಕೊಂಡರು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ ಅಂದಾಗ ನಕ್ಕರು. “ಹದಿಮೂರರ ತನಕ ಎಣಿಸಾಕ ಬರ್ತದಿಲ್ಲೋ ಯವ್ವಾ? ಸಾಕ ಬಿಡು.”

ಎದುರು ಬದುರು ಕೂತವರು ಜೊತೆ. ನನಗೆ ಇವರು, ಅಕ್ಕನವರಿಗೆ ತಮ್ಮ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಕೈ; ಎಷ್ಟು ಕೈ ಗೆಲ್ಲುತ್ತೇವೆ ಎಂದು ಮೊದಲೇ ಕೂಗಬೇಕು. ಎಲೆಯಲ್ಲಿ ಬಲವಿಲ್ಲದಿದ್ದರೆ ಪಾಸ್. ಇಂದು ಅಕ್ಕನವರು ಹೇಳಿದ್ದು ಮರೆಯದಂತೆ ಬರೆದಿಡುತ್ತೇನೆ — “ಎಲಿ ಚಲೋ ಬರ್ಲಿ, ಕೆಟ್ಟ ಬರ್ಲಿ, ದನಿ ಒಂದ ಇರ್ಬೇಕು. ಎದುರಿನವಗ ಕೂಗು ಅಷ್ಟ ಕೇಳಬೇಕು, ಮತ್ತೇನೂ ಕೇಳಬಾರದು.”

ನನ್ನ ದನಿ ಹೇಗೂ ಯಾರಿಗೂ ಕೇಳುವುದಿಲ್ಲ.

೧೬ ಜನವರಿ, ರವಿವಾರ

ಗೆದ್ದೆವು. ಬರುವಾಗ ಪೂಲದ ಮೇಲೆ ಇವರು ನಿಂತರು. ನಾನು ಬಂದು ಸೇರುವವರೆಗೆ ಕಾದರು. ಮದುವೆಯಾದ ಮೇಲೆ ಇದೇ ಮೊದಲು.

“ನಿನಗ ಗೊತ್ತದನು? ನೀ ಬರೇ ಪಾಸ್ ಅಂದ್ರ ಕೈಯಾಗ ಏನೂ ಇರಂಗಿಲ್ಲ. ಪಾಸ್ರಿ ಅಂದ್ರ ಒಂದು ರಾಜಾ ಇಲ್ಲಾ ಎಕ್ಕಾ ಇದ್ದ ಇರ್ತದ. ಮೂರು ವಾರ ಆತು, ನೋಡಾಕತ್ತೀನಿ.”

ನನಗೆ ಗೊತ್ತಿರಲಿಲ್ಲ. ದೇವರಾಣೆ. ಈಗ ಯೋಚಿಸಿದರೆ ಹೌದೇನೋ... ಏನೂ ಇಲ್ಲದಾಗ ನಾಚಿಕೆಯಿಂದ ಎಲೆಯನ್ನೇ ನೋಡುತ್ತಾ ಪಾಸ್ ಅನ್ನುತ್ತೇನೆ. ಏನಾದರೂ ಇದ್ದು ಕೂಗಲು ಸಾಲದಿದ್ದಾಗ ಇವರ ಕಡೆ ಮುಖ ಏಳುತ್ತದೆ. ಮುಖ ಎದ್ದರೆ ರೀ ತಾನಾಗಿ ಬರುತ್ತದೆ. ಗಂಡನಿಗೆ ರೀ ಅನ್ನದೆ ಇರುವುದು ಹೇಗೆ?

“ಇನ್ನ ಹಂಗ ಅನ್ನೂದಿಲ್ರಿ” ಅಂದೆ.

“ಹುಚ್ಚಿ! ಹಂಗ ಇರ್ಲಿ. ಬದಲ ಮಾಡಬ್ಯಾಡ.”

೧೭ ಜನವರಿ, ಮಧ್ಯಾಹ್ನ

ರೊಟ್ಟಿ ಬಡಿಯುವಾಗಲೂ ಅದೇ. ನಿನ್ನೆಯವರೆಗೆ ಅದು ಬರೀ ಮಾತು. ಇನ್ನು ಮುಂದೆ ರೀ ಅಂದರೆ ಮೋಸ. ಅನ್ನದಿದ್ದರೂ ಕೈಯಲ್ಲಿ ಏನೂ ಇಲ್ಲವೆಂದು ಹೇಳಿದಂತೆಯೇ.

ಇವರಿಗೆ ಇದು ಯಾಕೆ ಬೇಕೆಂದು ಇಂದು ತಿಳಿಯಿತು. ಮಾರ್ಚಿನಲ್ಲಿ ದಂಡಿನವರ ಕ್ಯಾಂಪಿನ ಕ್ಲಬ್ಬಿನಲ್ಲಿ ಬ್ರಿಜ್ ಪಂದ್ಯ. ಶಿವರುದ್ರಪ್ಪನವರು ಒಬ್ಬ ಪಾರ್ಟ್ನರನ್ನು ಹುಡುಕುತ್ತಿದ್ದಾರೆ. ಕಾಣದ ಎಲೆಯ ಅಂದಾಜು ಚೆನ್ನಾಗಿರುವವನು ಬೇಕಂತೆ.

೨೩ ಜನವರಿ, ರವಿವಾರ

ಒಂದು ಉಪಾಯ ಮಾಡಿದೆ. ಪ್ರತಿ ಸಲವೂ ಪಾಸ್ರಿ ಅಂದೆ. ಎಲೆ ಇರಲಿ, ಇಲ್ಲದಿರಲಿ. ಎಲ್ಲದಕ್ಕೂ ಒಂದೇ ಆದರೆ ಅದರಲ್ಲಿ ಗುಟ್ಟೇನು ಉಳಿಯಿತು?

ಇವರು ನನ್ನ ರೀ ನಂಬಿ ಮೂರು ಬದಾಮು, ಅಂದರೆ ಕೆಂಪು ಹಾರ್ಟಿನಲ್ಲಿ ಒಂಬತ್ತು ಕೈ, ಕೂಗಿದರು. ಅಕ್ಕನವರು ಡಬಲ್ ಅಂದರು, ಸೋತರೆ ದಂಡ ಹೆಚ್ಚು. ಕೂಗಿದವರ ಜೊತೆಯವಳಾದ್ದರಿಂದ ನನ್ನ ಎಲೆ ಡಮ್ಮಿಯಾಗಿ ಮೇಜಿನ ಮೇಲೆ ಬಿಚ್ಚಿದಾಗ ಗುಲಾಮನಿಗಿಂತ ದೊಡ್ಡದು ಒಂದೂ ಇರಲಿಲ್ಲ. ನಾಲ್ಕು ಕೈ ಕಡಿಮೆ ಬಿತ್ತು.

ಪೂಲ ಬಂತು. ಇವರು ನಿಲ್ಲಲಿಲ್ಲ.

೩೦ ಜನವರಿ, ರವಿವಾರ

ಇಂದು ರೀ ಅನ್ನಲೇ ಇಲ್ಲ. ಒಂದು ಸಲವೂ. ಪಾಸ್, ಪಾಸ್, ಪಾಸ್. ನಾಲಿಗೆ ಕಚ್ಚಿ ಹಿಡಿದುಕೊಂಡೆ.

ಚಹಾ ಬಂದಾಗ ಶಿವರುದ್ರಪ್ಪನವರು ತಟ್ಟೆಗೆ ಸುರಿದುಕೊಳ್ಳುತ್ತಾ ಇವರ ಕಡೆ ತಿರುಗಿ, “ಏನೋ ನಿಜಲಿಂಗಪ್ಪ, ನಿನ್ನ ಹೆಂಡ್ತಿ ಇಂದೂನ ಬಾಯಾಗಿನ ರೀ ಯಾರ ಕದ್ದರು? ಇವತ್ತ ಬರೇ ಪಾಸ್. ಮುಂದಿನ ವಾರ ಪಾಸ್ ಲೇ ಅಂತಾಳ ನೋಡು!”

ಅಕ್ಕನವರೂ ನಕ್ಕರು. ಇವರೂ ನಕ್ಕರು. ಕಿವಿ ಮಾತ್ರ ಕೆಂಪಗಾಗಿತ್ತು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ — “ನಾಕ ಮಂದ್ಯಾಗ ನನ್ನ ಮರ್ಯಾದಿ ತಗದಿ. ಮೊದಲ ಹೆಂಗ ಅಂತಿದ್ದಿ, ಹಂಗ ಅನ್ನು. ಇಲ್ಲಾಂದ್ರ ಗದಗಕ್ಕ ಕಾಗದ ಬರೀತೀನಿ, ನಿಮ್ಮ ಮಗಳ್ನ ಕರಕೊಂಡ ಹೋಗ್ರಿ ಅಂತ.”

ರೀ ಅಂದರೂ ಸಿಕ್ಕಿಕೊಳ್ಳುತ್ತೇನೆ, ಬಿಟ್ಟರೂ ಸಿಕ್ಕಿಕೊಳ್ಳುತ್ತೇನೆ. ಒಂದು ಅಕ್ಷರಕ್ಕೆ ಇಷ್ಟು...

೬ ಫೆಬ್ರವರಿ, ರವಿವಾರ

ಇವರು ಹೇಳಿದಂತೆಯೇ ಅಂದೆ. ಗೆದ್ದೆವು. ಬರೆಯಲು ಏನೂ ಇಲ್ಲ.

೧೩ ಫೆಬ್ರವರಿ, ರವಿವಾರ, ಸಂಜೆ

ಆದದ್ದನ್ನು ಆದಂತೆ ಬರೆಯುತ್ತೇನೆ.

ಕೊನೆಯ ಆಟ. ಶಿವರುದ್ರಪ್ಪನವರು ಒಂದು ಚೌಕಟ, ಅಂದರೆ ಡೈಮಂಡು, ಕೂಗಿದರು. ನನ್ನ ಸರದಿ. ಬದಾಮಿನ ರಾಜಾ, ರಾಣಿ ಇದ್ದವು. ಕೂಗುವಷ್ಟು ಬಲವಲ್ಲ. ಪಾಸ್ರಿ ಅಂದೆ. ಅಕ್ಕನವರು ಎರಡು ಚೌಕಟ. ಇವರು ಎಲೆ ಮಡಿಚಿ ಹಿಡಿದು ನೇರ ನಾಲ್ಕು ಇಸ್ಪೀಕ ಕೂಗಿದರು! ನಾಲ್ಕು ಅಂದರೆ ಆರರ ಮೇಲೆ ನಾಲ್ಕು, ಹದಿಮೂರರಲ್ಲಿ ಹತ್ತು ಕೈ ಗೆಲ್ಲಬೇಕು. ಸರಿಯಾಗಿ ಹತ್ತು ಬಂದವು. ನನ್ನ ರಾಜಾ ರಾಣಿ ಇಲ್ಲದೆ ಬರುತ್ತಿರಲಿಲ್ಲ.

ಅಕ್ಕನವರು ಇವರ ಎಲೆಗಳನ್ನು ತಿರುವಿ ತಿರುವಿ ನೋಡಿದರು. “ಇಷ್ಟರ ಮ್ಯಾಲ ನಾಕು? ನಮ್ಮ ಯಜಮಾನ್ರಿಗೂ ಈ ಧೈರ್ಯ ಇರಲಿಲ್ಲಪಾ.”

“ಅಂದಾಜು ಅಂದ್ರ ಇದು!” ಶಿವರುದ್ರಪ್ಪನವರು ಮೇಜು ಗುದ್ದಿದರು. “ಆತು, ಕ್ಲಬ್ಬಿಗೆ ನೀನ ನನ್ನ ಪಾರ್ಟ್ನರ್.”

ಇವರು ತಲೆ ತಗ್ಗಿಸಿ ನಕ್ಕರು. ಅಕ್ಕನವರು ಇವರ ಬೆನ್ನು ತಟ್ಟಿದರು. ಆ ಕೈ ನೋಡಿ ನನಗೆ ತಡೆಯಲಾಗಲಿಲ್ಲ.

“ಆ ಹತ್ತು ಕೈ ನಮ್ಮವಲ್ರಿ ಅಕ್ಕಾರ” ಅಂದೆ. ಎಲ್ಲಾ ಹೇಳಿದೆ. ಪಾಸ್ ಅಂದರೆ ಏನು, ಪಾಸ್ರಿ ಅಂದರೆ ಏನು. ಅಷ್ಟು ಉದ್ದ ಮಾತು ಆ ಮನೆಯಲ್ಲಿ ನಾನು ಎಂದೂ ಆಡಿರಲಿಲ್ಲ.

ಇವರು ಸಮಾಧಾನವಾಗಿ, “ಅಕಿಗೆ ಆಟ ಇನ್ನೂ ಪೂರಾ ತಿಳದಿಲ್ರಿ. ನಾಕನೇ ಇಯತ್ತೆ ಕಲ್ತಾಕಿ. ರೀ ಅಂದ್ರ ರಾಜಾ ಬರ್ತಾನಂತ ತಿಳಕೊಂಡಾಳ.”

ಶಿವರುದ್ರಪ್ಪನವರು ಬಿದ್ದು ಬಿದ್ದು ನಕ್ಕರು. “ಹಂಗಿದ್ರ ನಾವು ಎಲ್ಲಾರಿಗೂ ರೀ ಅನ್ನೂಣು!”

ಸುಳ್ಳು ಹೇಳಿದ್ದರೆ ಬಹುಶಃ ನಂಬುತ್ತಿದ್ದರು.

ಅಕ್ಕನವರು ನಗಲಿಲ್ಲ. ಎಲೆ ಕೂಡಿಸಿ ಡಬ್ಬಿಗೆ ಹಾಕಿದರು. ನನ್ನ ಕಡೆ ನೋಡಲೂ ಇಲ್ಲ.

೬ ಮಾರ್ಚ್, ರವಿವಾರ

ಮೂರನೆಯ ರವಿವಾರ ಮನೆಯಲ್ಲಿ. ನನಗೆ ಜ್ವರವಂತೆ, ಇವರು ಅಲ್ಲಿ ಹೇಳಿರುವುದು. ನನ್ನ ಜಾಗದಲ್ಲಿ ಕಚೇರಿಯ ಒಬ್ಬರು ಕೂರುತ್ತಾರಂತೆ. ಗದಗಕ್ಕೆ ಕಾಗದ ಹೋಗಿದೆ, ಉತ್ತರ ಬಂದಿಲ್ಲ. ಮೂರು ಗಂಟೆಗೆ ಇವರು ಹೊರಗಿನಿಂದ ಕೊಂಡಿ ಹಾಕಿ ಹೋದರು. ಕಳ್ಳರ ಕಾಟವಂತೆ. ಹಗಲು ಹೊತ್ತಿನಲ್ಲಿ, ಹತ್ತು ಕುಟುಂಬಗಳಿರುವ ವಾಡೆಯಲ್ಲಿ.

ಹದಿಮೂರು ಕಡಲೆಕಾಳು ಹರಡಿಕೊಂಡು ಕೂತೆ. ಆ ದಿನದ ನನ್ನ ಎಲೆ ಒಂದೊಂದೂ ನೆನಪಿದೆ. ಪಾಸ್ ಅಂದದ್ದು ಸರಿಯೇ. ಎಷ್ಟು ಸಲ ಎಣಿಸಿದರೂ ಸರಿಯೇ.

೧೩ ಮಾರ್ಚ್, ರವಿವಾರ, ಬೆಳಿಗ್ಗೆ ಹತ್ತು

ಅಕ್ಕನವರು ಬಂದಿದ್ದಾರೆ! ಟಾಂಗಾ ಮಾಡಿಕೊಂಡು, ಒಬ್ಬರೇ. ಇವರು ನನ್ನನ್ನು ಒಳಕೋಣೆಗೆ ಕಳಿಸಿ ಮಲಗು ಅಂದರು. ಮಲಗಿಲ್ಲ. ಕದದ ಹಿಂದೆ ಕೂತು ಬರೆಯುತ್ತಿದ್ದೇನೆ.

“ಮಲಗ್ಯಾಳ್ರಿ ಅಕ್ಕಾರ. ಮೈ ಕಾದದ.”

“ತಿಂಗಳಗಟ್ಟಲೆ ಕಾಯೂ ಮೈ ಎಂಥಾದೋ ತಮ್ಮಾ? ನೋಡೇ ಹೋಗ್ತೀನಿ.”

“ಬ್ಯಾಡ್ರಿ. ಎದ್ದರ ತಲಿ ತಿರಗ್ತದ ಅಕಿಗೆ.”

“ಎಬ್ಬಸೂದಿಲ್ಲ. ನಾಡದು ನೀವು ಕ್ಲಬ್ಬಿನಾಗ ಕೂಡಾವ್ರು, ನನ್ನ ತಮ್ಮನ ಹೆಸರಿನ ಪ್ರಶ್ನೆ. ಇಲ್ಲಿಂದನ ಒಂದ ಮಾತ ಕೇಳ್ತೀನಿ.” ಆಮೇಲೆ ದೊಡ್ಡ ದನಿಯಲ್ಲಿ, “ಇಂದೂ! ಅವತ್ತ ನೀ ಹೇಳಿದ್ದು ಖರೇನೋ ಸುಳ್ಳೋ?”

ಕದದ ಸಂದಿಯಲ್ಲಿ ಇವರು ಕಾಣುತ್ತಿದ್ದಾರೆ. ಅಕ್ಕನವರಿಗೆ ಬೆನ್ನು ತಿರುಗಿಸಿ ನನ್ನ ಕಡೆ ನೋಡುತ್ತಾ, ಮೆಲ್ಲಗೆ ತಲೆ ಅಲ್ಲಾಡಿಸುತ್ತಿದ್ದಾರೆ. ಬೇಡ, ಬೇಡ ಎಂದು. ಕಣ್ಣಲ್ಲಿ ನೀರಿದೆ. ಇವರನ್ನು ಹೀಗೆ ನೋಡಿರಲಿಲ್ಲ.

ಖರೆ ಅಂದೆ. ಇಷ್ಟು ಗಟ್ಟಿಯಾಗಿ ಬರುತ್ತದೆಂದು ಗೊತ್ತಿರಲಿಲ್ಲ.

ಅಕ್ಕನವರು ಎದ್ದರು. “ಆತು. ಮುಂದಿನ ವಾರ ಮೂರಕ್ಕ ಬಾ ಯವ್ವಾ. ನನ್ನ ಎದುರಿಗೆ ಕೂಡು.”

ಟಾಂಗಾ ಹೋಯಿತು. ಇವರು ಒಳಗಿನಿಂದ ಹೊರಬಾಗಿಲ ಅಗುಳಿ ಹಾಕಿದ ಸದ್ದು. ಈ ಕೋಣೆಗೆ ಬರುತ್ತಿಲ್ಲ. ಪಡಸಾಲೆಯಲ್ಲಿ ನಿಂತೇ ಇದ್ದಾರೆ. ಈಗ ಹೆಜ್ಜೆ... ಈ ಪುಸ್ತಕ ಎಲ್ಲಿ ಅಡಗಿಸಿ ಇಡಲಿ, ಇವರು