ಆಲೆಮನೆಯ ಕ್ಯಾಸೆಟ್

ಪಾಂಡವಪುರ
೧೨-೮-೧೯೯೭

ಗೆಳೆಯ ಚೆಲುವರಾಜನಿಗೆ,

ನಿನ್ನ ಹೊಸ ಕ್ಯಾಸೆಟ್ ಬೆಳ್ಳೂರು ಕ್ರಾಸಿನ ಅಂಗಡಿಯಲ್ಲಿ ಸಿಕ್ಕಿತು. ನಮ್ಮ ರಾಕ್ ಬ್ಯಾಂಡ್ ಬಿಟ್ಟು ಕ್ಯಾಸೆಟ್ ಕಂಪನಿ ಸೇರಿದವನು ತನ್ನನ್ನೇ ಮಾರಿಕೊಂಡ ಎಂದು ಹುಡುಗರು ಬೈಯುತ್ತಾರೆ. ನಾನು ಬೈಯುವುದಿಲ್ಲ, ಹೊಟ್ಟೆಪಾಡು ನನಗೂ ಗೊತ್ತು.

ಆದರೆ ಆಲೆಮನೆಯಲ್ಲಿ ಕಬ್ಬಿನ ಗಾಣ ನಿಂತ ಮೇಲೆ ನಾವು ರೆಕಾರ್ಡ್ ಮಾಡಿದ್ದ ಹಾಡು ಇದರಲ್ಲೂ ಇದೆ. ಆಗ ನೀನು ಪಿಸುದನಿಯಲ್ಲಿ ಶುರು ಮಾಡಿದ್ದೆ. ಈಗ ಆ ಪಿಸುದನಿಯೂ ಡ್ರಮ್ಮಿನಷ್ಟೇ ಜೋರು. ಬಸ್ಸಿನಲ್ಲೂ ಕೇಳಿಸಲಿ ಎಂದು ಕಂಪನಿಯವರು ಎಲ್ಲ ದನಿಯನ್ನೂ ಒಂದೇ ಮಟ್ಟಕ್ಕೆ ಏರಿಸಿದ್ದಾರಂತೆ.

ನಿಮ್ಮವ್ವನಿಗೆ ಹಾಕಿ ಕೇಳಿಸಿದೆ. "ಯಾಕ್ಲಾ ನಿಂಗ, ನಮ್ ಚೆಲ್ವ ಇಂಗೆ ಕೂಗಾಡ್ತಾವ್ನೆ? ವಸಿ ಮೆಲ್ಲಗೆ ಆಕ್ಲಾ" ಎಂದರು.

ಆಲೆಮನೆಯ ಕ್ಯಾಸೆಟ್ ನಿನ್ನ ಹತ್ತಿರವೇ ಉಳಿದಿದೆ. ಅವ್ವನಿಗೆ ಕಳಿಸಿಕೊಡು. ಈ ಹೊಸದನ್ನು ವಾಲ್ಯೂಮ್ ತಗ್ಗಿಸಿಯೂ ಹಾಕಿ ನೋಡಿದೆ. ಆಗಲೂ ನೀನು ಕೂಗುತ್ತಲೇ ಇದ್ದೆ, ದೂರದಿಂದ.

ನಿನ್ನ ಡ್ರಮ್ಮಿನವನು,
ನಿಂಗರಾಜು