ಅಪ್ಪ ಓಗೊಟ್ಟ ಹೆಸರು

ಅಮ್ಮಾ,

ನೀನು ಮಣ್ಣು ಸೇರಿದ ಮೇಲೆ ನಿನಗೆ ಕಾಗದ ಬರೆಯುವುದು ಹುಚ್ಚು. ಆದರೆ ಇದನ್ನು ಇನ್ಯಾರ ಹತ್ತಿರ ಹೇಳಲಿ?

ಅಪ್ಪ ಊಟ ಬಿಟ್ಟು ವಾರವಾಯಿತು. ಇವತ್ತು ವೃದ್ಧಾಶ್ರಮಕ್ಕೆ ಹೋದಾಗ ಗೋಡೆ ನೋಡುತ್ತ ಕೂತಿದ್ದ. "ಅಪ್ಪಾ" ಅಂದೆ. ನೀನು ಹೆಸರು ಹಿಡಿದು ಕರೆಯುತ್ತಿದ್ದಂತೆ "ಮ್ಯಾಲಕಿ" ಅಂದೆ. ರೆಪ್ಪೆ ಕೂಡ ಅಲುಗಲಿಲ್ಲ. ಅಷ್ಟರಲ್ಲಿ ಇಂಗ್ಲಿಷ್ ನರ್ಸ್ ಬಂದು, "ಏನ್ ಪ್ಯಾಡಿ, ಇವತ್ತೂ ಉಪವಾಸಾನಾ?" ಎಂದಳು. ಅಪ್ಪ ದಡಕ್ಕನೆ ಎದ್ದ. "ಬಂದೆ ಧಣಿ, ಇನ್ನೊಂಚೂರು ಅಗೆದ್ರೆ ಮುಗೀತು" ಎನ್ನುತ್ತ ಅಲ್ಲಿಲ್ಲದ ಸಲಿಕೆ ಹುಡುಕಿದ.

ನಿನಗೆ ಗೊತ್ತಲ್ಲ, ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮ ಐರಿಷ್ ಗಂಡಸರಿಗೆಲ್ಲ ಪ್ಯಾಡಿ ಅನ್ನುವುದೊಂದೇ ಹೆಸರು. ನಮ್ಮವರ ಬಾಯಲ್ಲಿ ಅದು ಸಲುಗೆ, ಮೇಸ್ತ್ರಿಯ ಬಾಯಲ್ಲಿ ಹೆಡ್ಡ ಕೂಲಿ, ಊರಲ್ಲಿ ಐರಿಷ್ ಉಗ್ರರ ಬಾಂಬು ಸಿಡಿದ ಮೇಲೆ ಬೀದಿಯವರ ಬಾಯಲ್ಲಿ ಕೊಲೆಗಡುಕ. "ನಂಗೂ ಒಂದ್ ಹೆಸರಿದೆ ಕಣ್ರೋ" ಎಂದು ಜಗಳವಾಡಿ ಅಪ್ಪ ಎಷ್ಟು ಕೆಲಸ ಕಳೆದುಕೊಂಡ! ನೀನು ಅವನ ತುಟಿಯ ರಕ್ತ ಒರೆಸುತ್ತ, ಬೇಕೆಂದೇ ಮ್ಯಾಲಕಿ, ಮ್ಯಾಲಕಿ ಎನ್ನುತ್ತಿದ್ದೆ.

ನರ್ಸ್ ಒಳ್ಳೆಯವಳೇ. "ನೀವೂ ಹಾಗೇ ಕರೀರಿ, ತಿಂತಾರೆ" ಅಂದಳು.

"ನನ್ ಕೈಲಾಗಲ್ಲ" ಅಂದೆ.

ಆಮೇಲೆ ಅವನ ಮಣಿಕಟ್ಟು ನೋಡಿದೆ. ಕಡ್ಡಿಯಾಗಿದೆ ಅಮ್ಮಾ. ಬೆಣ್ಣೆ ಹಾಕಿ ಕಿವುಚಿದ ಆಲೂಗಡ್ಡೆ ಚಮಚದಲ್ಲೇ ತಣ್ಣಗಾಗುತ್ತಿತ್ತು.

"ಪ್ಯಾಡಿ" ಅಂದೆ.

ಅಪ್ಪ ಟೋಪಿ ತೆಗೆಯುವವನಂತೆ ಹಣೆಗೆ ಕೈ ಒಯ್ದ. ನನಗೆ ತಲೆಬಾಗಿ, ಚಮಚಕ್ಕೆ ಬಾಯಿ ತೆರೆದ.