ಕುಂಪಣಿಯೋರ ಮನೆ

ಸೋಮವಾರ, 1–7–1957. ಬೆಳಿಗ್ಗೆ 5.30

ಎತ್ತುಗಳಿಗೆ ಹುಲ್ಲು ಹಾಕಿ ಬಂದೆ. ಸೈಕಲ್ಲಿನ ಹಿಂದಿನ ಚಕ್ರ ಮತ್ತೆ ಗಾಳಿ ಬಿಟ್ಟಿದೆ. ಬ್ಯಾಡರಹಳ್ಳಿಯಿಂದ ರಾಜಾಜಿನಗರದ ಫ್ಯಾಕ್ಟರಿಗೆ ತಳ್ಳಿಕೊಂಡು ಹೋದರೆ ಶಿಫ್ಟ್ ತಪ್ಪುವುದು ಖಂಡಿತ.

ಬರೆಯುತ್ತಿರುವ ನಾಟಕದ ಮೂರನೆಯ ಸೀನ್ ಅಲ್ಲೇ ನಿಂತಿದೆ. ಇಂಗ್ಲಿಷರ ಕಂಪನಿಯವರು ತಕ್ಕಡಿ ಹಿಡಿದು ಬರುವವರೆಗೆ ಸುಲಭವಾಗಿತ್ತು. ಮೆಣಸು ಕೊಡಿ, ಬಟ್ಟೆ ಕೊಡಿ. ಕೊಂಡದ್ದನ್ನು ಇಡಲು ಒಂದು ಗೋಡೌನು. ಗೋಡೌನಿಗೆ ಗೋಡೆ. ಗೋಡೆ ಕಾಯಲು ಸಿಪಾಯಿಗಳು. ಸಿಪಾಯಿಗಳ ಜೊತೆಗೆ ಫಿರಂಗಿ... ಆಮೇಲೆ? ನಾನು ಓದಿದ್ದು ನಾಲ್ಕನೇ ಕ್ಲಾಸು. ಆ ಪುಸ್ತಕದಲ್ಲಿ ಇದ್ದದ್ದೂ ಇಷ್ಟೇ.

ಅದೇ ದಿನ, ಸಂಜೆ

ಗೋಪೀನಾಥರಿಗೆ ಹಾಳೆಗಳನ್ನು ಕೊಟ್ಟು ಗೋಡೆಗೆ ಮುಖ ಮಾಡಿ ನಿಂತೆ. ಅವರು ಫ್ಯಾಕ್ಟರಿಯ ಸ್ಟೋರ್ಸ್ ಗುಮಾಸ್ತರು, ನಮ್ಮ ಸಂಘದ ಕಾರ್ಯದರ್ಶಿ. ಪ್ಯಾಕಿಂಗ್ ಚೀಟಿಗಳ ಹಿಂದೆ ನಾನು ಗೀಚುತ್ತಿದ್ದುದನ್ನು ಹಿಡಿದು, ಆಗಸ್ಟ್ ಹದಿನೈದಕ್ಕೆ ನಾಟಕ ಬರಿ ಎಂದವರು ಅವರೇ.

ಜೋರಾಗಿ ನಕ್ಕರು.

"ಏನ್ ಚಿಕ್ಕಮುನಿ ಇದು? 'ಕಂಪನಿ ನಮ್ಮನ್ನು ನುಂಗುತ್ತಿದೆ!' ಮ್ಯಾನೇಜರ್ ಕೈಗೆ ಸಿಕ್ಕಿದ್ರೆ ಮೊದ್ಲು ನಮ್ಮಿಬ್ಬರನ್ನ ನುಂಗ್ತಾರೆ."

ಕಿವಿ ಬಿಸಿಯಾಯಿತು. ನನಗೆ ಹೊಳೆದೇ ಇರಲಿಲ್ಲ. ಫ್ಯಾಕ್ಟರಿಗೂ ನಾವೆಲ್ಲ ಕಂಪನಿ ಎಂದೇ ಅನ್ನುವುದು.

"ಕುಂಪಣಿ ಅಂತ ಬರಿ. ಹಳೇ ಕಾಲದೋರು ಹಂಗೇ ಅಂತಿದ್ದಿದ್ದು."

"ನಮ್ಮ ಮನೆಗೇ ಕುಂಪಣಿಯೋರ ಮನೆ ಅಂತಾರೆ ಸಾರ್..." ಬಾಯಿ ತಪ್ಪಿ ಬಂದುಬಿಟ್ಟಿತು.

"ಯಾಕೆ?"

ದೊಡ್ಡಪ್ಪ ಹೇಳುವುದನ್ನೇ ಹೇಳಿದೆ. ನಮ್ಮ ಹಿರಿಯರೊಬ್ಬರು ಕುಂಪಣಿಯ ಮೇಲೆ ಕತ್ತಿ ಹಿಡಿದು ಹೊಡೆದಾಡಿದರಂತೆ. ಅದಕ್ಕೇ ಆ ಹೆಸರು.

ಗೋಪೀನಾಥರು ಕುರ್ಚಿಯಿಂದ ಎದ್ದೇಬಿಟ್ಟರು. "ಮನೇಲೇ ನಾಟಕ ಇಟ್ಕೊಂಡು ಊರೆಲ್ಲ ಹುಡುಕ್ತಿದೀಯಲ್ಲೋ!"

ಬುಧವಾರ, 3–7

ದೊಡ್ಡಪ್ಪನಿಗೆ ಹೇಳಿದೆ. ಹೇಳಿದ್ದೇ ತಪ್ಪಾಯಿತೇನೋ. ಊರಿಗೆಲ್ಲ ಸಾರಿಬಿಟ್ಟರು. ವೇದಿಕೆಗೆ ಹಲಗೆ ಅವರದೇ. ಜನರನ್ನು ಕರೆದೊಯ್ಯಲು ನಾಲ್ಕು ಗಾಡಿ.

"ಕತ್ತಿ ಎಷ್ಟುದ್ದ ಮಾಡಿಸ್ತೀರ್ಲಾ?"

"ರಟ್ಟಿಂದು ದೊಡ್ಡಪ್ಪ..."

"ರಟ್ಟಾದ್ರೆ ಎರಡು ಮಾಡ್ಸು. ಕೈಗೊಂದೊಂದು."

ಒಳಗಿನಿಂದ ದೊಡ್ಡಮ್ಮ, "ಎರಡು ಕೈಗೂ ಕತ್ತಿ ಕೊಟ್ರೆ ಪಂಚೆ ಯಾರು ಹಿಡ್ಕೊಳ್ಳೋದು?" ಎಂದರು. ದೊಡ್ಡಪ್ಪನೂ ನಕ್ಕರು. ಅಪ್ಪ ತೀರಿಕೊಂಡು ಹತ್ತು ವರ್ಷ. ಅಂದಿನಿಂದ ಈ ಮನೆಯ ಅನ್ನ. ದೊಡ್ಡಪ್ಪ ಇಷ್ಟು ಖುಷಿಯಾಗಿದ್ದುದನ್ನು ಕಂಡೇ ಇರಲಿಲ್ಲ. ನನ್ನ ಬರವಣಿಗೆಯಿಂದ...

ಶನಿವಾರ, 13–7. ಊಟದ ಬಿಡುವು

ಗೋಪೀನಾಥರು ಲೈಬ್ರರಿಯ ಇಂಗ್ಲಿಷ್ ಪುಸ್ತಕ ನೋಡಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. 1791ರಲ್ಲಿ ಕುಂಪಣಿ ನಮ್ಮ ಬೆಂಗಳೂರು ಕೋಟೆ ಒಡೆಯಿತು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೋಯಿತು. ಆದರೆ ಅಷ್ಟರಲ್ಲಿ ಎತ್ತುಗಳು ಸಾವಿರಗಟ್ಟಲೆ ಸತ್ತವು. ಎಳೆಯಲು ಎತ್ತಿಲ್ಲದೆ ಕುಂಪಣಿಯವರು ದೊಡ್ಡ ಫಿರಂಗಿಗಳನ್ನು ತಾವೇ ಒಡೆದು ಹಾಕಿ ಹಿಂದಕ್ಕೆ ಬಂದರು. ಮುಂದಿನ ವರ್ಷ ಮತ್ತೆ ಹೋದರು, ಗೆದ್ದರು. ಅರ್ಧ ರಾಜ್ಯ ಕಿತ್ತುಕೊಂಡರು. ಸುಲ್ತಾನರ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡರು. ಏಳು ವರ್ಷದ ಮೇಲೆ ಉಳಿದದ್ದೂ ಹೋಯಿತು.

ಫಿರಂಗಿಯ ಬಗ್ಗೆ ಗೋಪೀನಾಥರು ಬಹಳ ಹೇಳಿದರು. ನನ್ನ ತಲೆಯಲ್ಲಿ ಒಂದೇ. ಎತ್ತೆಲ್ಲ ಸತ್ತವಲ್ಲ, ಮತ್ತೆ ಎಲ್ಲಿಂದ ಬಂದವು? ಹಡಗಿನಲ್ಲಿ ಎತ್ತು ಬರುವುದಿಲ್ಲ.

ಭಾನುವಾರ, 14–7

ಬಿಸಿಲಿನಲ್ಲಿ ಕೂತು ಅಜ್ಜಿಗೆ ಅಡಿಕೆ ಕುಟ್ಟಿ ಕೊಡುತ್ತಿದ್ದೆ. ಹನುಮಕ್ಕ ಎಂದರೆ ಊರಿನಲ್ಲಿ ಎಲ್ಲರಿಗಿಂತ ಹಿರಿಯಳು, ದೊಡ್ಡಪ್ಪನ ತಾಯಿ. ಕತ್ತಿ ಹಿಡಿದವರ ಕಥೆ ಹೇಳಜ್ಜಿ ಎಂದೆ.

"ಯಾವ ಕತ್ತೀನೋ?"

"ಕುಂಪಣಿ ಮೇಲೆ ಹೊಡೆದಾಡಿದ್ದು..."

ಅಜ್ಜಿ ಬಾಯಲ್ಲಿದ್ದ ಅಡಿಕೆ ಉಗುಳಿದಳು.

"ಹೊಡೆದಾಡ್ಲಿಲ್ಲ ಮಗ. ಎತ್ತು ಹೊಡ್ಕೊಂಡು ಹೋದ. ಎಂಟು ಜೊತೆ. ಕುಂಪಣಿ ದಂಡಿಗೆ."

ಅಡಿಕೆ ಕುಟ್ಟುತ್ತಿದ್ದ ಕಲ್ಲು ಕೆಳಗಿಟ್ಟೆ. ಅವಳೇ ಮುಂದುವರಿಸಿದಳು. "ನಮ್ಮತ್ತೆ ಹೇಳ್ತಿದ್ಲು. ಆ ವರ್ಷ ಕುಂಪಣಿಗೆ ಸಿಗಬಾರ್ದು ಅಂತ ಸುಲ್ತಾನನ ಕಡೆಯೋರು ಬಣವೆಗೆಲ್ಲ ಬೆಂಕಿ ಇಟ್ರು. ಕುಂಪಣಿಯೋರು, ಎತ್ತು ಕೊಡಿ, ಹುಲ್ಲು ನಾವು ಹಾಕ್ತೀವಿ ಅಂದ್ರು. ಕಣ್ಮುಂದೆ ಎತ್ತು ಮಕ್ಕಾಡೆ ಬೀಳ್ತಿದ್ರೆ ಏನ್ ಮಾಡ್ತಾನೆ? ಬಿಟ್ಟಿರಲಾರ, ತಾನೂ ಹಿಂದೆ ಹೋದ. ಬರೋವಾಗ ಒಂದೇ ಎತ್ತು. ಊರೋರು ಬಾವಿ ಹತ್ರ ಬಿಡ್ಲಿಲ್ಲ. 'ಕುಂಪಣಿಯೋನು ಬಂದ, ಕುಂಪಣಿಯೋನು' ಅಂದ್ರು. ಅದು ಬೈಗುಳ ಕಣ ಮಗ. ಹೆಸರಲ್ಲ."

"ದೊಡ್ಡಪ್ಪನಿಗೆ ಗೊತ್ತಾ?"

"ಚಿಕ್ಕೋನಿದ್ದಾಗ ಕೇಳ್ದ. ಅವನಪ್ಪ ಕತ್ತಿ ಅಂದುಬಿಟ್ಟ. ಮಗು ಅಷ್ಟು ಖುಷಿಪಟ್ಮೇಲೆ ನಾನೇನು ಹೇಳ್ಲಿ?"

ಶುಕ್ರವಾರ, 26–7

ಹತ್ತು ದಿನ ಒಂದಕ್ಷರ ಬರೆದಿರಲಿಲ್ಲ. ನಿನ್ನೆ ಬರೆದೆ. ಕತ್ತಿ ಇಲ್ಲ. ಎತ್ತುಗಳಿವೆ. ಮೂರನೆಯ ಸೀನ್, ನಾಲ್ಕನೆಯದು, ಒಂದೇ ಏಟಿಗೆ. ಹೆಸರು ಹಾಕಲು ಧೈರ್ಯ ಬರಲಿಲ್ಲ. 'ಎತ್ತಿನವನು' ಎಂದಷ್ಟೇ ಬರೆದೆ. ಯಾರ ಮನೆಯವನು ಎಂದು ಗೊತ್ತಾಗದಿರಲಿ.

ಗೋಪೀನಾಥರು ಈ ಸಲ ನಗಲಿಲ್ಲ. ಎರಡು ಸಲ ಓದಿದರು.

"ಈ ತಿಂಗಳು ನಾನು ಓದಿದ್ದೆಲ್ಲ ಇದರಲ್ಲಿದೆ ಗುರು. ಅವರು ಹೆಂಗೆ ಗೆದ್ದರು ಅಂತ." ಆಮೇಲೆ ಮೆಲ್ಲಗೆ, "ನಿಮ್ಮ ದೊಡ್ಡಪ್ಪ?" ಎಂದರು.

ಅದೇ.

ದೊಡ್ಡಪ್ಪನಿಗೆ ಓದು ಬಾರದು. ಹದಿನೈದರಂದು ಊರಿನವರ ನಡುವೆ ಮುಂದಿನ ಸಾಲಿನಲ್ಲಿ ಕೂತು ಮೊದಲ ಸಲ ಕೇಳುತ್ತಾರೆ. ಕತ್ತಿಗಾಗಿ ಕಾಯುತ್ತಿರುತ್ತಾರೆ.

ಭಾನುವಾರ, 4–8. ಮಧ್ಯಾಹ್ನ

ದೊಡ್ಡಪ್ಪನಿಗೆ ಓದಿ ಹೇಳಿದೆ. ಜಗುಲಿಯ ಮೇಲೆ ಅವರೊಬ್ಬರೇ ಇದ್ದರು. ರಿಹರ್ಸಲ್‌ನಲ್ಲೂ ಬಾಯಿ ಬಿಡದವನು ಗಟ್ಟಿಯಾಗಿ ಓದಿದೆ. ತಲೆ ಎತ್ತಲಿಲ್ಲ. ತಾಳ ಹಾಕುತ್ತಿದ್ದ ಅವರ ಕಾಲು ಮಾತ್ರ ಕಾಣುತ್ತಿತ್ತು. ಎಂಟು ಜೊತೆ ಎತ್ತು ಎಂದಾಗ ಕಾಲು ನಿಂತಿತು.

"ಇದನ್ನ ಯಾರು ಹೇಳಿದ್ದು?"

ಅಜ್ಜಿಯ ಹೆಸರು ಹೇಳಲಿಲ್ಲ. ಹೇಳಬಾರದು ಅನ್ನಿಸಿತು.

"ಅನ್ನ ಹಾಕಿದ ಮನೆಗೆ ಮಣ್ಣು ಎರಚ್ತೀಯೇನ್ಲಾ? ನಾಕಕ್ಷರ ಕಲ್ತಿದ್ದಕ್ಕೆ ಇದಾ?"

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದರು. ಕೆರಗಳನ್ನು ಮರೆತು ಹೋದರು.

ಸೋಮವಾರ, 12–8

ಎಂಟು ದಿನ. ಮಾತಿಲ್ಲ. ದೊಡ್ಡಮ್ಮ ಮುದ್ದೆ ಇಡುತ್ತಾರೆ, ದೊಡ್ಡಪ್ಪ ಗೋಡೆ ನೋಡಿಕೊಂಡು ಉಣ್ಣುತ್ತಾರೆ. ಹಲಗೆ, ಗಾಡಿಗಳ ಬಗ್ಗೆ ಕೇಳುವ ಧೈರ್ಯ ಯಾರಿಗೂ ಇಲ್ಲ.

"ಹೋಗ್ಲಿ ಬಿಡು ಗುರು," ಎಂದರು ಗೋಪೀನಾಥರು. "ಒಂದು ಕತ್ತಿ ಕೊಟ್ಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ಅಜ್ಜಿಗೆ ಗೊತ್ತು ಸಾರ್."

ಕತ್ತಿ ಕೊಟ್ಟರೆ ಮನೆ ಉಳಿಯುತ್ತದೆ. ಕೊಡದಿದ್ದರೆ, ಹದಿನಾರಕ್ಕೆ ಟ್ರಂಕು ಎತ್ತಿಕೊಂಡು ಎಲ್ಲಿಗೆ ಹೋಗುವುದು? ವಿಜಯನಗರದ ಕಡೆ ರೂಮು ಸಿಗಬಹುದಂತೆ... ರೂಮಿನ ಮಾತಲ್ಲ ಇದು. ಇನ್ನು ಯಾರನ್ನು ದೊಡ್ಡಪ್ಪ ಅನ್ನಲಿ?

ಬುಧವಾರ, 14–8. ಸಂಜೆ

ಸೈಕಲ್ ಒರಗಿಸುತ್ತಿದ್ದೆ. ಕೊಟ್ಟಿಗೆಯಿಂದ ಕರೆದರು. ಎತ್ತಿನ ಮೈ ಉಜ್ಜುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

"ಅವ್ವನ್ನ ಕೇಳ್ದೆ."

ನಿಂತೆ.

"ಬಾವಿ ಹತ್ರ ಬಿಡ್ಲಿಲ್ವಂತಲ್ಲ."

"ಹೂಂ ದೊಡ್ಡಪ್ಪ."

"ನಡ್ಕೊಂಡು ಬಂದಿದ್ದಾನೆ ಕಣ್ಲಾ, ಅಷ್ಟು ದೂರದಿಂದ. ಏಳು ಜೊತೆ ಮೇಲೊಂದು ಎತ್ತು ಕಳ್ಕೊಂಡು. ಒಂದು ಬೊಗಸೆ ನೀರು ಕೊಡ್ಲಿಲ್ಲ ನನ್ಮಕ್ಳು." ಉಜ್ಜುವುದು ನಿಲ್ಲಲಿಲ್ಲ. "ನಾನು ಇಷ್ಟು ವರ್ಷ ಕತ್ತಿ ಕತ್ತಿ ಅಂತ ಕುಣೀತಿದ್ದೆ. ಅವನ್ನ ಒಂದಿನ ನೆನೀಲಿಲ್ಲ."

ಎತ್ತಿನ ಇನ್ನೊಂದು ಪಕ್ಕಕ್ಕೆ ಹೋಗಿ ಕೇಳಿದರು. "ಅದೇನೋ ಓದಿದ್ಯಲ್ಲ, ಎತ್ತಿನವನು, ಎತ್ತಿನವನು ಅಂತ. ಅವನಿಗೆ ಹೆಸರಿಲ್ವಾ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಊರೋರು ಬೈಗುಳ ಇಟ್ರು. ನಮ್ಮಪ್ಪ ಕತ್ತಿ ಇಟ್ಟ. ನೀನು ಅದೂ ಇಲ್ದಂಗೆ ಮಾಡ್ದೆ." ಈಗ ತಿರುಗಿದರು. "ಅವನ ಹೆಸರೇ ನನಗಿಟ್ಟಿರೋದು ಕಣ್ಲಾ. ಕೆಂಚ. ಹಾಕು."

ಗುರುವಾರ, 15–8. ಬೆಳಿಗ್ಗೆ 6

ರಜಾ. ಗಾಡಿಗಳಿಗೆ ಹಲಗೆ ಏರಿಸುತ್ತಿದ್ದಾರೆ. ದೊಡ್ಡಪ್ಪನ ಕೂಗು ಟೋಲ್‌ಗೇಟಿನವರೆಗೆ ಕೇಳುತ್ತಿರಬೇಕು.

'ಎತ್ತಿನವನು' ಎಂದಿದ್ದಲ್ಲೆಲ್ಲ ಹೊಡೆದು ಹೆಸರು ಬರೆಯುತ್ತಿದ್ದೇನೆ. ಪಾತ್ರ ಮಾಡುವ ನಾಗರಾಜುವಿಗೆ ಹೇಳಬೇಕು. ಬೆಳಿಗ್ಗೆ ಬೆಳಿಗ್ಗೆ ಹೊಸ ಡೈಲಾಗ್ ಕೊಟ್ಟೆ ಎಂದು ಬಯ್ಯುತ್ತಾನೆ. ಬಯ್ಯಲಿ.

"ಲೋ ಚಿಕ್ಕಮುನಿ! ಬರೀತಾ ಕೂತ್ರೆ ನಾಟ್ಕ ನಾಳೆಗಾಯ್ತದೆ!" ದೊಡ್ಡಪ್ಪನೇ.

ಇನ್ನೊಂದೇ ಉಳಿದಿದೆ. ಕಡೆಯ ಸೀನ್. ಬಾವಿಗೆ ಅಡ್ಡ ನಿಂತು ಊರವರು ಕೇಳುತ್ತಾರೆ, ಯಾರೋ ನೀನು? ಇದುವರೆಗೆ ಅವನು ಉತ್ತರ ಕೊಡದೆ ತಲೆ ತಗ್ಗಿಸಿ ಹೋಗುತ್ತಿದ್ದ. ಈಗ ಹೇಳುತ್ತಾನೆ.

"ನಾನು ಕೆಂಚ ಕಣ್ರಪ್ಪೋ. ಈ ಊರೋನೇ. ಬಾಯಾರ್ತದೆ, ಒಂದು ಬೊಗಸೆ ನೀರು ಕೊಡಿ."